ನೊಳಂಬವಾಡಿ 32000: ಸಂಖ್ಯೆಯ ಒಳರಚನೆ

ಇಂದಿನ ದಾವಣಗೆರೆ, ಹರಿಹರ, ಚಿತ್ರದುರ್ಗ, ಬಳ್ಳಾರಿ ಪ್ರದೇಶಗಳ ಬಹುಭಾಗವು ಮಧ್ಯಕಾಲೀನ ಶಾಸನಗಳಲ್ಲಿ ‘ನೊಳಂಬವಾಡಿ ಮೂವತ್ತಿರ್ಛಾಸಿರ’ವೆಂದು ಉಲ್ಲೇಖಿತವಾಗಿದೆ. ಈ 32000 ಎಂಬುದು ಗ್ರಾಮಗಳ ಎಣಿಕೆಯೋ ರಾಜಾದಾಯದ ಮೊತ್ತವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಸಂಖ್ಯೆಯ ಗಣಿತಗುಣವನ್ನು ಪರಿಶೀಲಿಸುವುದು ಇಲ್ಲಿ ಉಪಯುಕ್ತವಾಗುತ್ತದೆ.

32000ದ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ. 2ನ್ನು ಎಂಟು ಸಲ, 5ನ್ನು ಮೂರು ಸಲ ಗುಣಿಸಿದರೆ ಅದು ದೊರೆಯುತ್ತದೆ. ಈ ನಾಡಿನ ಒಳವಿಭಾಗಗಳಲ್ಲಿ ಕದಂಬಳಿಗೆ 1000, ಕೋಗಳಿ 500, ಬಲ್ಲಕುಂದೆ 300 ಪ್ರಸಿದ್ಧವಾಗಿವೆ. 1000ದಿಂದ ಭಾಗಿಸಿದರೆ 32, 500ರಿಂದ ಭಾಗಿಸಿದರೆ 64 ಬರುತ್ತದೆ. 300ರಿಂದ ಭಾಗಿಸಿದರೆ ಮಾತ್ರ 106 ಬಂದು 200 ಶೇಷ ಉಳಿಯುತ್ತದೆ. 300ರಲ್ಲಿರುವ 3 ಎಂಬ ಅಪವರ್ತನವು 32000ದಲ್ಲಿಲ್ಲ. ಆದುದರಿಂದ ಇಡೀ ನಾಡನ್ನು ಸಮಪಾಲುಗಳಾಗಿ ಹಂಚಿ ಒಳವಿಭಾಗಗಳನ್ನು ರೂಪಿಸಿದರೆಂದು ಭಾವಿಸಲಾಗದು. ಅಸಮ ಘಟಕಗಳು ಕೂಡಿ ಈ ಮೊತ್ತವಾಗಿರುವ ಸಾಧ್ಯತೆಯನ್ನು ಭಾಗಾಕಾರವೊಂದೇ ತಳ್ಳಿಹಾಕದು. ಆದರೆ ಮೇಲಿನ ಮೂರೂ ಸೇರಿದರೆ 1800 ಮಾತ್ರ.

ನೆರೆಯ ಗಂಗವಾಡಿ 96000 ಇದರ ಸರಿಯಾದ ಮೂರು ಪಟ್ಟು. ಬನವಾಸಿ 12000 ಇದರ ಎಂಟರಲ್ಲಿ ಮೂರು ಪಾಲು. ನೇರ ಗ್ರಾಮಗಣನೆಯಿಂದ ಇಷ್ಟು ದುಂಡಾದ ಅನುಪಾತಗಳು ಒದಗುವುದು ಅಪರೂಪ. ದೊಡ್ಡ ಸಂಖ್ಯೆಗಳು ಸಂಪ್ರದಾಯದಿಂದ ರೂಢಿಗೊಂಡ ಪ್ರಮಾಣಗಳೆಂದು ಊಹಿಸಲು ಇದು ಆಧಾರ.

‘ನೊಣಬ’ ಎಂಬ ಸಮುದಾಯನಾಮದಲ್ಲಿ ನಾಡಿನ ಹೆಸರು ಇಂದಿಗೂ ಜೀವಂತವಾಗಿದೆ; ಅಲ್ಲಿ ಸಂಖ್ಯೆಗೆ ಸ್ಥಾನವಿಲ್ಲ. ಜನಸ್ಮೃತಿಯು ಹೆಸರನ್ನು ಕಾಯ್ದುಕೊಂಡಿತು, ಶಾಸನವು ಅಂಕಿಯನ್ನು ಕಾಯ್ದಿರಿಸಿತು. ಈ ನಾಡಿನ ಚರಿತ್ರೆಯನ್ನು ಬರೆಯುವವರು ಎರಡನ್ನೂ ಒಟ್ಟಿಗೆ ಓದಬೇಕಾಗುತ್ತದೆ.