ಮಳಖೇಡ ಮತ್ತು ಪ್ರಾಕೃತ ನಿತ್ಯಪ್ರಾರ್ಥನೆ

ಕಾಗಿಣಾ ದಂಡೆಯ ಮಳಖೇಡ ಇಂದು ಸೇಡಂ ತಾಲ್ಲೂಕಿನ ಒಂದು ಊರು. ರಾಷ್ಟ್ರಕೂಟರ ಕಾಲಕ್ಕೆ ರಾಜಧಾನಿ ಮಾನ್ಯಖೇಟ. ಜೈನರು ದಿನವೂ ಹೇಳುವ ಪ್ರಾಕೃತದ ಪಂಚನಮಸ್ಕಾರಕ್ಕೂ ಈ ಊರಿಗೂ ನಂಟುಂಟು. ಒಡಿಶಾದ ಹಾಥಿಗುಂಫಾ ಶಾಸನದಲ್ಲಿ ಅರಹಂತರಿಗೂ ಸಿದ್ಧರಿಗೂ ಮಾತ್ರ ನಮನವಿದೆ. ಐದೂ ಸಾಲು ಸಿಗುವುದು ದಿಗಂಬರರ ಷಟ್ಖಂಡಾಗಮದ ಮಂಗಳಾಚರಣೆಯಲ್ಲಿ. ಆ ಗ್ರಂಥಕ್ಕೆ ವೀರಸೇನರು 816ರಲ್ಲಿ ಬರೆದು ಮುಗಿಸಿದ ಟೀಕೆಯೇ ಧವಲಾ. ಅವರು ನಡುವೆ ಬಿಟ್ಟುಹೋದ ಇನ್ನೊಂದು ಟೀಕೆ ಜಯಧವಲಾವನ್ನು 837ರಲ್ಲಿ ಪೂರೈಸಿದವರು ಶಿಷ್ಯ ಜಿನಸೇನರು. ಮಾನ್ಯಖೇಟದ ದೊರೆ ಅಮೋಘವರ್ಷ ನೃಪತುಂಗ ಇವರ ಪಾದಕ್ಕೆ ಎರಗುತ್ತಿದ್ದನೆಂದು ಗುಣಭದ್ರರು ಬರೆದಿದ್ದಾರೆ.

972ರಲ್ಲಿ ಮಾಳವದವರು ಮಾನ್ಯಖೇಟವನ್ನು ಸೂರೆ ಮಾಡಿದರು. ಅದೇ ವರ್ಷ ಧಾರಾನಗರದಲ್ಲಿ ಧನಪಾಲ ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟೊಂದನ್ನು ರಚಿಸಿದ. ಸೂರೆಯ ಸುದ್ದಿಯೂ ಅದರಲ್ಲೇ ಇದೆ. ಪ್ರಾಕೃತ ಆಗಲೇ ಕಲಿತು ತಿಳಿಯಬೇಕಾದ ಭಾಷೆಯಾಗಿತ್ತೆಂದು ಇದರಿಂದ ಊಹಿಸಬಹುದು.

ಪ್ರಾರ್ಥನೆ ಬಾಯಿಂದ ಬಾಯಿಗೆ ಉಳಿಯಿತು. ಧವಲಾ ಗ್ರಂಥವೋ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ, ಬರೀ ದರ್ಶನದ ವಸ್ತುವಾಯಿತು. 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾದರೂ ಪ್ರತಿ ಹೊರಗೆ ಹೋಗಕೂಡದೆಂಬ ಕಟ್ಟುಪಾಡಿತ್ತು. ನಾಗರಿಯಲ್ಲಿ ನಕಲು ಮಾಡುತ್ತಿದ್ದ ಗಜಪತಿ ಶಾಸ್ತ್ರಿ, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿ ಸಹಾರನಪುರಕ್ಕೆ ಮುಟ್ಟಿಸಿದರು. ನಂಬಿಕೆಗೆ ದ್ರೋಹವೆನ್ನುವವರು ಎನ್ನಲಿ, ಗ್ರಂಥ ಓದುಗರ ಕೈ ಸೇರಿದ್ದು ಈ ಕಳ್ಳಪ್ರತಿಯ ದೆಸೆಯಿಂದಲೇ. ಹೀರಾಲಾಲ್ ಜೈನ್ ಸಂಪಾದನೆಯಲ್ಲಿ ಧವಲಾದ 16 ಸಂಪುಟಗಳು 1939ರಿಂದ 1958ರವರೆಗೆ ಅಚ್ಚಾದವು.

ಈಗ ಅವೇ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಮೊಬೈಲಿನಲ್ಲಿ ತೆರೆದುಕೊಳ್ಳುತ್ತವೆ, ಅಪ್ಪಣೆ ಕೇಳಬೇಕಿಲ್ಲ. ಕ್ಯಾಥೊಲಿಕರಲ್ಲೂ ಹೀಗೇ ಆಯಿತು: 1970ರ ಸುಧಾರಣೆಯಿಂದ ಬಳಕೆ ತಪ್ಪಿದ ಹಳೆಯ ಲ್ಯಾಟಿನ್ ನಿತ್ಯಪ್ರಾರ್ಥನೆಯನ್ನು ಲಾಸ್ಲೊ ಕಿಸ್ ಎಂಬವರು ಗಣಕಕ್ಕೆ ಇಳಿಸಿದ ಮೇಲೆ ಮನೆಯಲ್ಲೇ ಓದಿಕೊಳ್ಳುವುದು ಸುಲಭವಾಯಿತು. ಆದರೆ ಧವಲಾದ ಆ ಪುಟಗಳಲ್ಲಿರುವುದು ನಾಗರಿ ಲಿಪಿ, ಹಿಂದಿ ಅನುವಾದ. ಕನ್ನಡ ಲಿಪಿ ಕಾಪಾಡಿಕೊಟ್ಟ ಗ್ರಂಥವನ್ನು ಕನ್ನಡದ ಹುಡುಗರು ಹಿಂದಿಯ ಮೂಲಕ ಓದಬೇಕಾಗಿ ಬಂದದ್ದು ವಿಚಿತ್ರವೇ ಸರಿ. ಅದನ್ನು ನೇರ ಕನ್ನಡಕ್ಕೆ ತರುವ ಕೆಲಸವನ್ನು ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆ ಕೈಗೆತ್ತಿಕೊಂಡಿತು.