ವಾದ್ಯದಲ್ಲಿ ಕಾಲಿನ ಪಾಲು

ನಮ್ಮ ವಾದ್ಯಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಕೈಯ ಚರಿತ್ರೆ. ಭರತಮುನಿಯ ಕಾಲದಿಂದ ತತ, ಅವನದ್ಧ, ಘನ, ಸುಷಿರ ಎಂದು ವಾದ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತ ಬಂದಿದ್ದೇವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ವಾದ್ಯವಿನೋದಕ್ಕೂ ಸ್ಥಾನ ಕೊಟ್ಟನು. ಮೀಟುವ ಬೆರಳು, ಬಡಿಯುವ ಅಂಗೈ, ಊದುವ ಉಸಿರು ಇವೆಲ್ಲಕ್ಕೂ ಶಾಸ್ತ್ರವುಂಟು. ಕಾಲಿಗೆ ಮಾತ್ರ ನೃತ್ಯದ ಅಧ್ಯಾಯದಲ್ಲಲ್ಲದೆ ಬೇರೆಲ್ಲಿಯೂ ಮಣೆ ದೊರೆತಿಲ್ಲ. ಆದರೆ ಕಳೆದ ನೂರು-ನೂರೈವತ್ತು ವರ್ಷಗಳಲ್ಲಿ ನಮ್ಮ ನಾಡಿನ ರಂಗಸಂಗೀತವನ್ನು ಬದಲಿಸಿದ ಸಂಗತಿಗಳಲ್ಲಿ ಒಂದು, ವಾದ್ಯಗಾರನ ಕಾಲು ವಾದ್ಯಕ್ಕೆ ತಗುಲಿಕೊಂಡದ್ದು. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ಬದಲಾವಣೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಹಳೆಯ ವ್ಯವಸ್ಥೆಯನ್ನು ನೋಡೋಣ. ನಮ್ಮ ಕಡೆಯ ಡೊಳ್ಳಿನವನು ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ ಕೊಟ್ಟು ಬಾರಿಸುತ್ತಾನೆ. ಗೊಂದಲಿಗರ ಸಂಬಾಳದಲ್ಲಿ ಎರಡು ವಾದ್ಯಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟಿರುತ್ತಾರೆ. ಎರಡೂ ಕೈಗೆ ಕೆಲಸ. ಕರಡಿ ಮಜಲಿನಲ್ಲಿ ಕರಡಿ, ಸನಾದಿ, ತಾಳ ಒಬ್ಬೊಬ್ಬರ ಪಾಲಿಗೆ ಒಂದೊಂದು. ಇವರ ಕಾಲುಗಳು ಸುಮ್ಮನಿರುತ್ತವೆಯೆ? ಇಲ್ಲ. ಅವು ನಡೆಯುತ್ತವೆ, ಕುಣಿಯುತ್ತವೆ, ಮೆರವಣಿಗೆಯೊಡನೆ ಗುಡಿಯಿಂದ ಗುಡಿಗೆ ಹೋಗುತ್ತವೆ. ಇನ್ನು ದೊಡ್ಡಾಟದ ಅಟ್ಟವನ್ನು ನೆನೆಸಿಕೊಳ್ಳಿ. ಗೆಜ್ಜೆ ಕಟ್ಟಿದ ವೇಷಧಾರಿ ಹಲಗೆಗಳ ಮೇಲೆ ಎರಡೂ ಪಾದಗಳನ್ನು ಒಂದರ ಹಿಂದೊಂದು ಅಪ್ಪಳಿಸಿದಾಗ ಅಟ್ಟವೇ ಒಂದು ಚರ್ಮವಾದ್ಯವಾಗುತ್ತಿತ್ತು. ಮದ್ದಳೆಯವನು ಕೊಡಲಾರದ ಆಳವಾದ ಗುಡುಗನ್ನು ಪಾತ್ರಧಾರಿಯ ಕಾಲು ಕೊಡುತ್ತಿತ್ತು. ಹೀಗೆ ಕಾಲಿನ ತಾಳ ನಮಗೆ ಹೊಸದಲ್ಲ. ಆದರೆ ಅದು ಕುಣಿಯುವವನ ಸೊತ್ತಾಗಿತ್ತು, ಕುಳಿತು ನುಡಿಸುವವನದಾಗಿರಲಿಲ್ಲ.

ಕುಳಿತವನ ಕಾಲಿಗೆ ಕೆಲಸ ಹಚ್ಚಿದ್ದು ಹಾರ್ಮೋನಿಯಂ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ ಎಂಬಾತ 1842ರಲ್ಲಿ ಹಕ್ಕುಪತ್ರ ಪಡೆದ ಮೂಲ ಹಾರ್ಮೋನಿಯಂ ಕಾಲಿನಿಂದ ಒತ್ತುವಂಥದೇ. ಕೈಯಿಂದ ಭಾತೆ ಒತ್ತುವ ಚಿಕ್ಕ ಪೆಟ್ಟಿಗೆ ಅನಂತರದ್ದು. ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಹಾಡುವ ನಮ್ಮ ಪದ್ಧತಿಗೆ ಹೊಂದಿಸಿದರು. ಉತ್ತರ ಕರ್ನಾಟಕದಲ್ಲಿ ಎರಡಕ್ಕೂ 'ಪೇಟಿ' ಎಂದೇ ರೂಢಿ. ನುಡಿಸುವವನು 'ಪೇಟಿ ಮಾಸ್ತರ'.

ಕಾಲುಪೆಟ್ಟಿಗೆಯ ರಚನೆಯನ್ನು ಸ್ವಲ್ಪ ವಿವರಿಸಬೇಕು. ಕೆಳಗೆ ಎರಡು ಮೆಟ್ಟುಗಳು. ಬಲಗಾಲು ಒತ್ತುವಾಗ ಎಡಗಾಲಿನದು ಮೇಲೇಳುತ್ತದೆ, ಎಡಗಾಲು ಒತ್ತುವಾಗ ಬಲಗಾಲಿನದು. ಈ ಸರದಿಯಿಂದ ಗಾಳಿ ಎಲ್ಲಿಯೂ ಕಡಿಯದೆ ಒಳಗಿನ ಚೀಲದಲ್ಲಿ ತುಂಬಿ, ಹಿತ್ತಾಳೆಯ ನಾಲಗೆಗಳನ್ನು ಒಂದೇ ಸಮನೆ ನುಡಿಸುತ್ತದೆ. ಕೈಪೆಟ್ಟಿಗೆಯಲ್ಲಿ ಎಡಗೈ ಭಾತೆಗೆ ಮೀಸಲು, ನುಡಿಸಲು ಉಳಿಯುವುದು ಬಲಗೈ ಒಂದೇ. ಕಾಲುಪೆಟ್ಟಿಗೆಯಲ್ಲಿ ಎರಡು ಕಾಲು ದುಡಿದು ಎರಡು ಕೈಗಳನ್ನೂ ಬಿಡಿಸುತ್ತವೆ. ನಾಟಕ ಕಂಪನಿಗಳಿಗೆ ಇದು ವರವಾಯಿತು. ಧ್ವನಿವರ್ಧಕವಿಲ್ಲದ ಕಾಲ, ತಗಡಿನ ಥಿಯೇಟರು, ಕೊನೆಯ ಸಾಲಿನಲ್ಲಿ ಕುಳಿತವನಿಗೂ ಹಾಡು ಮುಟ್ಟಬೇಕು. 'ಕರಿ ನಾಲ್ಕು', 'ಬಿಳಿ ಐದು' ಎಂದು ಶ್ರುತಿಯನ್ನು ಪೆಟ್ಟಿಗೆಯ ಮನೆಗಳಿಂದ ಗುರುತಿಸುವ ನಮ್ಮ ನಟರ ರೂಢಿಯೇ ಆ ವಾದ್ಯದ ಅಧಿಕಾರಕ್ಕೆ ಸಾಕ್ಷಿ.

ಗದುಗಿನಲ್ಲಿ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920) ಮರಾಠಿ ನಾಟಕಗಳ ಅಬ್ಬರಕ್ಕೆ ಪ್ರತಿಯಾಗಿ 1870ರ ದಶಕದಲ್ಲಿ ಕನ್ನಡ ಮಂಡಳಿಯೊಂದನ್ನು ಕಟ್ಟಿದುದು ಎಲ್ಲರಿಗೂ ತಿಳಿದ ಸಂಗತಿ. ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ 'ಶಾಕುಂತಲ' 1880ರಲ್ಲಿ ರಂಗಕ್ಕೆ ಬಂದ ಮೇಲೆ ಸಂಗೀತನಾಟಕವೆಂಬುದೇ ಒಂದು ಯುಗವಾಯಿತು. 1913ರಲ್ಲಿ ಸ್ಥಾಪನೆಯಾದ ಗಂಧರ್ವ ನಾಟಕ ಮಂಡಳಿಯಲ್ಲಿ ಬಾಲಗಂಧರ್ವರು ಮುಂದೆ ಹಾರ್ಮೋನಿಯಂ ಬದಲು ಆರ್ಗನ್ನನ್ನು ಅಂಗೀಕರಿಸಿದರು. ಅದೂ ಕಾಲಿನಿಂದಲೇ ಉಸಿರಾಡುವ ವಾದ್ಯ. ಗದುಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ಸಂಗೀತ ನಾಟಕ ಮಂಡಳಿ ಕನ್ನಡ ರಂಗಭೂಮಿಗೆ ತೇಜಸ್ಸು ತಂದಿತು.

ಆದರೆ ಕಾಲುಪೆಟ್ಟಿಗೆಯನ್ನು ಒಪ್ಪುವುದು ಸುಲಭದ ನಿರ್ಧಾರವಾಗಿರಲಿಲ್ಲ. ಗದಗ–ಹೋಟಗಿ ರೈಲುಮಾರ್ಗ 1880ರ ದಶಕದಲ್ಲಿ ತೆರೆಯಿತಾದರೂ ರೋಣ, ನರಗುಂದ, ಗಜೇಂದ್ರಗಡ ಈ ಮೂರು ಪಟ್ಟಣಗಳಲ್ಲಿ ಒಂದಕ್ಕೂ ಅದು ಮುಟ್ಟಲಿಲ್ಲ. ಮಲ್ಲಾಪುರದಲ್ಲೋ ಹೊಳೆ-ಆಲೂರಿನಲ್ಲೋ ಇಳಿದು, ಎರೆಮಣ್ಣಿನ ದಾರಿಯಲ್ಲಿ ಚಕ್ಕಡಿ ಹೂಡಬೇಕು. ಪರದೆ, ಪೋಷಾಕು, ಗ್ಯಾಸ್‌ಬತ್ತಿಗಳ ಜೊತೆಗೆ ಈ ಪೆಟ್ಟಿಗೆಯ ಭಾರ ಬೇರೆ. ಮಳೆ ಬಿದ್ದರೆ ಎರೆಯಲ್ಲಿ ಗಾಲಿ ಹೂತು ನಿಂತೀತು. ಹೆಗಲ ಮೇಲಿನ ಡೊಳ್ಳಿಗೆ ಈ ತೊಂದರೆಯಿಲ್ಲ. ಹೀಗಾಗಿ, ಹಳ್ಳಿಯ ಸಣ್ಣಾಟದವರಿಗೂ ಭಜನಾಮೇಳದವರಿಗೂ ಒದಗಿದ್ದು ಕೈಪೆಟ್ಟಿಗೆ; ಕಾಲುಪೆಟ್ಟಿಗೆ ಒಂದೇ ಊರಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ಕಂಪನಿಯ ಆಸ್ತಿಯಾಯಿತು.

ಎರಡನೆಯ ತೊಡಕು ಸಂಗೀತಕ್ಕೆ ಸಂಬಂಧಿಸಿದ್ದು. ಪೆಟ್ಟಿಗೆಯ ಸ್ವರಗಳು ನಿಶ್ಚಿತ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡಕ್ಕೆ ಅಲ್ಲಿ ಎಡೆಯಿಲ್ಲ. ಈ ಆಕ್ಷೇಪವೇ ಬೆಳೆದು 1940ರ ಮಾರ್ಚಿ 1ರಿಂದ ಆಕಾಶವಾಣಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. ರವೀಂದ್ರನಾಥ ಠಾಕೂರರೂ ಅದೇ ವರ್ಷದ ಆರಂಭದಲ್ಲಿ ಕಲಕತ್ತೆಯ ಕೇಂದ್ರಕ್ಕೆ ಪತ್ರ ಬರೆದು ಈ ವಾದ್ಯವನ್ನು ದೂರವಿಡಬೇಕೆಂದಿದ್ದರು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾದಾಗಲೂ ನಿಷೇಧ ಜಾರಿಯಲ್ಲಿತ್ತು. ಸುತ್ತಮುತ್ತಲ ಊರುಗಳಲ್ಲಿ ಪೇಟಿಯಿಲ್ಲದೆ ಹಾಡೇ ಇಲ್ಲವೆಂಬ ಸ್ಥಿತಿ; ಬಾನುಲಿಯಲ್ಲಿ ಪೇಟಿಗೆ ಪ್ರವೇಶವಿಲ್ಲ! 1971ರ ಸುಮಾರಿಗೆ ಈ ಕಟ್ಟು ಸಡಿಲಾಯಿತು. ಅಷ್ಟರಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು, ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರಂಥವರು ಪೆಟ್ಟಿಗೆಯ ಮಿತಿಯನ್ನು ಬಲ್ಲವರೇ ಅದನ್ನು ಹಾಡಿಸಬಲ್ಲರೆಂದು ತೋರಿಸಿಕೊಟ್ಟಿದ್ದರು.

ಇನ್ನು ಚರ್ಮವಾದ್ಯದ ಕಡೆಗೆ ಬರೋಣ. ಪಾಶ್ಚಾತ್ಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮನ್ನು ಒಬ್ಬ, ಚಿಕ್ಕದನ್ನು ಇನ್ನೊಬ್ಬ ಬಾರಿಸುವುದು ವಾಡಿಕೆಯಾಗಿತ್ತು. 1909ರಲ್ಲಿ ಶಿಕಾಗೋದ ವಿಲಿಯಂ ಲಡ್ವಿಗ್ ಚುರುಕಾಗಿ ಓಡುವ ಪೆಡಲೊಂದನ್ನು ತಯಾರಿಸಿದ ಮೇಲೆ, ಒಬ್ಬನೇ ಕುಳಿತು ಬಲಗಾಲಿನಿಂದ ದೊಡ್ಡ ಡ್ರಮ್ಮನ್ನೂ ಎರಡು ಕೈಗಳಿಂದ ಉಳಿದವನ್ನೂ ನುಡಿಸುವುದು ವ್ಯಾಪಕವಾಯಿತು. ಎಡಗಾಲಿಗೆ ಮುಂದೆ 'ಹೈ-ಹ್ಯಾಟ್' ಎಂಬ ಜೋಡಿ ತಾಳ ಬಂದಿತು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಡೆಯುವ ಮೇಳಕ್ಕೆ ಪೆಡಲ್ ಸಲ್ಲದು; ಕಾಲು ದಾರಿ ಸವೆಸುವಾಗ ಡ್ರಮ್ ಬಾರಿಸಲಾರದು. ಆದ್ದರಿಂದಲೇ ಮದುವೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿನವನ ಅನ್ನ ಉಳಿಯಿತು; ಕುಳಿತು ನುಡಿಸುವ ರಂಗಮಂದಿರದಲ್ಲಿ ಅದು ಹೋಯಿತು. ಒಂದು ಚಿಕ್ಕ ಮೆಟ್ಟು ಇಬ್ಬರ ಕೆಲಸವನ್ನು ಒಬ್ಬನ ಪಾಲಿಗೆ ತಂದಿತು.

ಮೆರವಣಿಗೆಯ ಆ ಬ್ಯಾಂಡಿಗೂ ನಮ್ಮ ಸಂಗೀತಚರಿತ್ರೆಗೂ ಇರುವ ಒಂದು ನಂಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರೋಣದ ಜೋಶಿ ಮನೆತನದ ಭೀಮಸೇನರು ಬಾಲ್ಯದಲ್ಲಿ ವಾದ್ಯದ ಸದ್ದು ಕೇಳಿದರೆ ಮೆರವಣಿಗೆಯ ಬೆನ್ನು ಹತ್ತಿ ಎಲ್ಲೆಲ್ಲಿಯೋ ಹೋಗಿ ಮಲಗಿಬಿಡುತ್ತಿದ್ದರಂತೆ. ಹುಡುಕಿ ಬೇಸತ್ತ ತಂದೆ, ಮಗನ ಅಂಗಿಯ ಮೇಲೆ ಇವನು ಜೋಶಿ ಮಾಸ್ತರರ ಮಗನೆಂದು ಬರೆದಿಟ್ಟರೆಂಬುದು ಪ್ರಸಿದ್ಧ ಕಥೆ. 1933ರಲ್ಲಿ ಹನ್ನೊಂದರ ಆ ಹುಡುಗ ಗುರುವನ್ನು ಅರಸಿ ಮನೆಬಿಟ್ಟ. ಬೀದಿಯ ಬ್ಯಾಂಡು ಕೀಳು, ಬೈಠಕ್ಕು ಮೇಲು ಎಂದು ಗೆರೆ ಎಳೆಯುವವರು ಈ ಕಥೆಯನ್ನು ನೆನೆಯಬೇಕು.

ಚಿತ್ರಗೀತೆಯ ರುಚಿ ಜನರಿಗೆ ಹತ್ತಿದ ಮೇಲೆ ನಮ್ಮ ಕಂಪನಿಗಳ ಪಕ್ಕವಾದ್ಯದಲ್ಲಿ ತಬಲಾದ ಪಕ್ಕ ಡ್ರಮ್ಮು ಬಂದು ಕುಳಿತಿತು. ನಾನು ವಿದ್ಯಾರ್ಥಿಯಾಗಿದ್ದ ಎಪ್ಪತ್ತರ ದಶಕದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಯ ಥಿಯೇಟರುಗಳಲ್ಲಿ ಪೇಟಿ, ತಬಲಾ, ಡ್ರಮ್ಮು ಮೂರನ್ನೂ ಒಟ್ಟಿಗೆ ಕೇಳಿದ್ದೇನೆ. ಹಾಸ್ಯನಟ ಜಾರಿ ಬಿದ್ದರೆ ಡ್ರಮ್ಮಿನ ಒಂದು ಗುದ್ದು, ಖಳನಾಯಕ ಒಳಬಂದರೆ ಇನ್ನೊಂದು. ಹಾಡಿಗೆ ಮಾತ್ರ ತಬಲಾ. ಈ ವಿಂಗಡಣೆಯಲ್ಲಿ ಔಚಿತ್ಯವಿತ್ತು.

ಈಚೆಗೆ ಗಜೇಂದ್ರಗಡದ ಕಡೆಯ ಒಂದು ವಾದ್ಯಗೋಷ್ಠಿಯಲ್ಲಿ ಡ್ರಮ್ ನುಡಿಸುವ ತರುಣನೊಬ್ಬ ನನ್ನಲ್ಲಿಗೆ ಬಂದಿದ್ದ. ತಂದೆ ನನ್ನ ಹಳೆಯ ವಿದ್ಯಾರ್ಥಿ, ನೇಕಾರಿಕೆಯ ಮನೆತನ. "ಸರ, ಒಂದ ಕಾಲಿನ ಪೆಡಲ್ ಐತ್ರಿ. ಎರಡ ಕಾಲಿಂದು ತಗೋಬೇಕಂತ ಮಾಡೀನಿ. ನೀವು ಹಳೇ ಕಾಲದ್ದು ಕಂಡವರು, ಬೇಕೋ ಬ್ಯಾಡೋ ಹೇಳ್ರಿ," ಎಂದ. ಜೋಡಿ ಪೆಡಲಿನ ಸಂಗತಿ ಹೀಗಿದೆ: ಲೂಯಿ ಬೆಲ್ಸನ್ ಎಂಬ ಅಮೆರಿಕದ ವಾದಕ ಎರಡು ದೊಡ್ಡ ಡ್ರಮ್ಮುಗಳನ್ನಿಟ್ಟು ಎರಡು ಕಾಲಿನಿಂದ ನುಡಿಸಿ ಹೆಸರಾದ. ಅನಂತರ, ವಿಶೇಷವಾಗಿ 1980ರ ದಶಕದಿಂದ, ಒಂದೇ ಡ್ರಮ್ಮಿಗೆ ಎರಡು ಬಡಿಗೆಗಳನ್ನು ಸರಳಿನಿಂದ ಜೋಡಿಸಿದ ಪೆಡಲು ಬಳಕೆಗೆ ಬಂದಿತು. ಎರಡು ಪಾದಗಳು ಸರದಿಯಲ್ಲಿ ಬೀಳುವುದರಿಂದ ಒಂದು ಕಾಲಿಗೆ ಎಟುಕದ ವೇಗ ದಕ್ಕುತ್ತದೆ.

ನಾನು ಕೇಳಿದೆ: "ಈಗ ನಿನ್ನ ಎಡಗಾಲು ಏನು ಮಾಡಾಕತ್ತೈತಿ?"

"ಹೈ-ಹ್ಯಾಟ್ ಮ್ಯಾಲ ಐತ್ರಿ ಸರ."

"ಅದು ಅಲ್ಲಿಂದ ಎದ್ದ ಬಂದರ ಆ ತಾಳ ಯಾರು ಹಿಡೀತಾರ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. ಈ ಪ್ರಶ್ನೆಯಲ್ಲಿಯೇ ಇಡೀ ಚರಿತ್ರೆ ಅಡಗಿದೆಯೆಂದು ನನ್ನ ಭಾವನೆ. ಕಾಲುಪೆಟ್ಟಿಗೆಯಲ್ಲಿ ಎರಡನೆಯ ಕಾಲು ಬಂದುದು ಗಾಳಿ ಕಡಿಯದಿರಲೆಂದು. ಅದರಿಂದ ಕೈ ಬಿಡುಗಡೆಯಾಯಿತು, ಹಾಡುವವನಿಗೆ ಆಸರೆ ದೊರೆಯಿತು. ಲಡ್ವಿಗ್ಗನ ಪೆಡಲಿನಲ್ಲಿ ಕಾಲು ಬಂದುದರಿಂದ ಒಬ್ಬನ ಸಾಮರ್ಥ್ಯ ಹೆಚ್ಚಿತು, ಇನ್ನೊಬ್ಬನ ಜಾಗ ಹೋಯಿತು. ಜೋಡಿ ಪೆಡಲಿನಲ್ಲಿ ಎಡಗಾಲು ಬರುವುದು ಮತ್ತೊಂದು ಕೆಲಸವನ್ನು ಬಿಟ್ಟು. ಬಿಟ್ಟದ್ದಕ್ಕಿಂತ ಪಡೆದದ್ದು ಹಾಡಿಗೆ ಹೆಚ್ಚೆ ಎಂಬುದನ್ನು ನೋಡದೆ ವಾದ್ಯವನ್ನು ಒಪ್ಪಲೂಬಾರದು, ತಳ್ಳಲೂಬಾರದು. ಬಾನುಲಿಯ ನಿಷೇಧ ಈ ವಿವೇಚನೆಯನ್ನು ಮಾಡದೆ ವಾದ್ಯವನ್ನೇ ಹೊರಗಿಟ್ಟಿತು. ಮೂವತ್ತು ವರ್ಷ ಎಷ್ಟೋ ಪೇಟಿ ಮಾಸ್ತರರ ಕೈಗಾರಿಕೆ ಧ್ವನಿಮುದ್ರಿಕೆಯಿಲ್ಲದೆ ಹೋಯಿತು.

ಆ ತರುಣನಿಗೆ ನಾನು ಹೇಳಿದ್ದು ಇಷ್ಟು: ನಿಮ್ಮ ಮೇಳದಲ್ಲಿ ಭಾವಗೀತೆಗೂ ತತ್ತ್ವಪದಕ್ಕೂ ಅದು ಬೇಡ, ಹಾಡುವವನ ಮಾತು ಮುಳುಗೀತು. ಆದರೆ ಡೊಳ್ಳಿನ ಗತ್ತನ್ನು ವೇದಿಕೆಗೆ ತರುವ ಪದಗಳನ್ನೂ ನೀವು ಹಾಡುತ್ತೀರಿ. ಅಲ್ಲಿ ಎರಡು ಪಾದದ ಗುಡುಗು ದೊಡ್ಡಾಟದ ಅಟ್ಟದ ನೆನಪನ್ನು ಎಬ್ಬಿಸಬಲ್ಲದು. ಮೊದಲು ಎಡಗಾಲು ಬಲಗಾಲಿನಷ್ಟೇ ಸಮವಾಗಿ ಬೀಳುವಂತೆ ಬರಿಯ ನೆಲದ ಮೇಲೆ ಸಾಧಿಸು, ಸ್ನೇಹಿತರಲ್ಲಿದ್ದರೆ ಕಡ ತಂದು ನುಡಿಸಿ ನೋಡು, ಬಳಿಕ ಹಣ ಕೊಡು. ಮನೆಯಲ್ಲಿ ಮಗ್ಗ ಕಂಡವನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಕುಣಿಯಲ್ಲಿ ಕುಳಿತ ನೇಕಾರನ ಕಾಲು ಮೆಟ್ಟನ್ನು ಒತ್ತುತ್ತಿರುವಾಗ ಕೈ ಲಾಳಿಯನ್ನು ಓಡಿಸುತ್ತದೆ. ಕಾಲು ತಪ್ಪಿದರೆ ನೂಲು ಹರಿಯುತ್ತದೆ.

ಇಂದು ಬನಶಂಕರಿಯ ಥಿಯೇಟರುಗಳಲ್ಲಿ ಕೀಬೋರ್ಡು, ರಿದಂ ಪ್ಯಾಡುಗಳದೇ ಕಾರುಬಾರು. ಕಾಲುಪೆಟ್ಟಿಗೆ ನುಡಿಸಿದ ಹಿರಿಯರು ವಿರಳವಾಗಿದ್ದಾರೆ. ನಮ್ಮ ಊರುಗಳಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಂಥದೊಂದು ಪೆಟ್ಟಿಗೆ ಉಳಿದಿದ್ದರೆ ಮೋಡಕಾದವರಿಗೆ ಮಾರಬೇಡಿರೆಂದು ನನ್ನ ವಿನಂತಿ. ಅದನ್ನು ನುಡಿಸಿದವರಿದ್ದರೆ ಅವರ ಬಳಿ ಕುಳಿತು, ಯಾವ ನಾಟಕಕ್ಕೆ ಯಾವ ಶ್ರುತಿ ಹಿಡಿಯುತ್ತಿದ್ದರು, ಕಾಲು ಯಾವ ಲಯದಲ್ಲಿ ಒತ್ತುತ್ತಿದ್ದರು ಎಂಬುದನ್ನು ಬರೆದಿಡಬೇಕು, ಧ್ವನಿ ಮುದ್ರಿಸಿಡಬೇಕು. ಕಂಪನಿಗಳ ನಾಟಕಗಳು ಅಲ್ಪಸ್ವಲ್ಪ ಅಚ್ಚಿನಲ್ಲಿ ಉಳಿದಿವೆ. ಕಾಲಿನ ಲಯವನ್ನು ಅಚ್ಚು ಹಾಕಿದವರಿಲ್ಲ.