ಹದ್ದುಗಳ ಲೆಕ್ಕ ಬರೆದಿಟ್ಟ ಬೆಟ್ಟ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಎಂಬ ಬೆಟ್ಟವಿದೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ವಲಸೆ ಹೋಗುವ ಗಿಡುಗ, ಹದ್ದುಗಳು ಅದರ ಮೇಲೆಯೇ ಹಾದುಹೋಗುತ್ತವೆ. ಹಿಂದೆ ಬೇಟೆಗಾರರು ಅಲ್ಲಿ ನಿಂತು ಅವುಗಳಿಗೆ ಗುಂಡು ಹೊಡೆಯುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಹಕ್ಕಿಗಳನ್ನು ಎಣಿಸಿ ಬರೆದಿಡತೊಡಗಿದರು.

ಆ ಲೆಕ್ಕವೇ ಮುಂದೆ ಸಾಕ್ಷಿಯಾಯಿತು. 1935–39ರಲ್ಲಿ ಕಂಡ ಹದ್ದುಗಳಲ್ಲಿ ಶೇ. 40ರಷ್ಟು ಆ ವರ್ಷದ ಎಳೆಯವು, 1955–59ರಲ್ಲಿ ಶೇ. 20 ಮಾತ್ರ. ದೊಡ್ಡವು ಹಾರುತ್ತಿದ್ದವು, ಮರಿಗಳು ಕಡಿಮೆಯಾಗಿದ್ದವು. 1962ರಲ್ಲಿ ರೇಚಲ್ ಕಾರ್ಸನ್ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಈ ಅಂಕಿಗಳನ್ನು ಮುಂದಿಟ್ಟು, ಕೀಟನಾಶಕ ಡಿಡಿಟಿಯತ್ತ ಬೆರಳು ತೋರಿಸಿದರು. ಅದು ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆಂದು ನಂತರ ಗೊತ್ತಾಯಿತು. 1972ರಲ್ಲಿ ಅಮೆರಿಕ ಹೊಲಗಳಲ್ಲಿ ಡಿಡಿಟಿ ನಿಷೇಧಿಸಿತು. ಹದ್ದುಗಳು ಮತ್ತೆ ಹೆಚ್ಚಿದವು. ಬೆಟ್ಟದ ಮೇಲಿನ ಎಣಿಕೆ ಇಂದಿಗೂ ನಡೆದಿದೆ, ಈಗ ವಸಂತದಲ್ಲೂ.